ಬಾಲಕರ ಕಾಲ್ಚೆಂಡಾಟದಲ್ಲಿ ರಕ್ಷಣೆ ಮತ್ತು ಆಕ್ರಮಣ: ಒಂದು ಚಾರಿತ್ರಿಕ ವಿವೇಚನೆ

೧

ಕಾಲ್ಚೆಂಡಾಟದಲ್ಲಿ ರಕ್ಷಣೆ ಮೇಲೋ ಆಕ್ರಮಣ ಮೇಲೋ ಎಂಬುದು ಬಹುಕಾಲದಿಂದ ನಡೆದುಬಂದಿರುವ ಚರ್ಚೆ. ಬಾಲಕರಿಗೆ ಆಟ ಕಲಿಸುವ ಅಧ್ಯಾಪಕರಲ್ಲಿ ಈ ಚರ್ಚೆಗೆ ಕೊನೆಯೇ ಇಲ್ಲ. ಒಂದು ಪಕ್ಷದವರ ವಾದ ಹೀಗಿದೆ: ಹುಡುಗರ ಪಂದ್ಯಗಳಲ್ಲಿ ಗೋಲುಗಳಾಗುವುದು ಎದುರಾಳಿಯ ಜಾಣ್ಮೆಗಿಂತ ಹೆಚ್ಚಾಗಿ ನಮ್ಮವರ ತಪ್ಪಿನಿಂದ, ಮುಂದಿನ ಸಾಲಿನಲ್ಲಿ ಒಬ್ಬ ದುರ್ಬಲನಿದ್ದರೆ ಒಂದು ಅವಕಾಶ ತಪ್ಪುತ್ತದೆ, ಹಿಂದಿನ ಸಾಲಿನಲ್ಲಿ ಒಬ್ಬ ದುರ್ಬಲನಿದ್ದರೆ ಪಂದ್ಯವೇ ಕೈಬಿಡುತ್ತದೆ, ಆದುದರಿಂದ ಗಟ್ಟಿಗರನ್ನು ಹಿಂದೆ ನಿಲ್ಲಿಸಬೇಕು. ಇನ್ನೊಂದು ಪಕ್ಷದವರು ಹೇಳುವುದು ಬೇರೆ: ಹುಡುಗನನ್ನು ಮೈದಾನಕ್ಕೆ ಎಳೆದುತರುವುದೇ ಗೋಲು ಹೊಡೆಯುವ ಆಸೆ, ಆ ಆಸೆಯನ್ನು ಅಡಗಿಸಿ ಕಾವಲು ಕಾಯುವ ಕೆಲಸವನ್ನು ಮೊದಲು ಕಲಿಸಿದರೆ ಆಟದ ಜೀವವೇ ಹೋಗುತ್ತದೆ.

ಈ ಎರಡು ವಾದಗಳಿಗೂ ತಳಹದಿಯಾಗಿರುವ ಒಂದು ನಂಬಿಕೆಯುಂಟು. ರಕ್ಷಣೆಗೂ ಆಕ್ರಮಣಕ್ಕೂ ಆಟದ ಸ್ವಭಾವದಲ್ಲಿಯೇ ನಿಶ್ಚಿತವಾದ ಬೆಲೆಯೊಂದಿದೆ, ಅದನ್ನು ಕಂಡುಹಿಡಿದರೆ ಸಾಕು ಎಂಬುದೇ ಆ ನಂಬಿಕೆ. ಕಾಲ್ಚೆಂಡಾಟದ ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲವೆಂದು ತೋರಿಸುವುದು ಪ್ರಕೃತ ಲೇಖನದ ಮೊದಲ ಉದ್ದೇಶ. ಬೆಲೆಯನ್ನು ನಿಗದಿಮಾಡಿದುದು ಕಾಲಕಾಲಕ್ಕೆ ಬದಲಾದ ನಿಯಮಗಳು, ಅಂಕಗಳ ಲೆಕ್ಕ ಮತ್ತು ಮೈದಾನದ ಅಳತೆ. ಹಾಗಿರುವಲ್ಲಿ, ವಯಸ್ಕರಿಗಾಗಿ ನಿಗದಿಯಾದ ಬೆಲೆಯನ್ನು ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಅನ್ವಯಿಸುವುದು ಸರಿಯೇ ಎಂಬುದು ನಾವು ಎತ್ತಲಿರುವ ಎರಡನೆಯ ಪ್ರಶ್ನೆ. ಹನ್ನೊಂದನೆಯ ವಯಸ್ಸಿನಲ್ಲಿ ‘ನೀನು ಬ್ಯಾಕ್, ಚೆಂಡು ಬಂದರೆ ದೂರ ಒದೆ’ ಎಂದು ಹೇಳಿಸಿಕೊಂಡ ಹುಡುಗ ಅನೇಕ ವೇಳೆ ಆಟ ಬಿಡುವವರೆಗೂ ಅದನ್ನೇ ಮಾಡುತ್ತಿರುತ್ತಾನೆ. ಈ ಪ್ರಶ್ನೆಗೆ ನಾವು ಕೊಡುವ ಉತ್ತರದ ಮೇಲೆ ಅಂಥ ಹುಡುಗರ ಕಲಿಕೆ ನಿಂತಿದೆ.

೨

ಆಧುನಿಕ ಕಾಲ್ಚೆಂಡಾಟ ಹುಟ್ಟಿದ್ದೇ ಬಾಲಕರ ನಡುವೆ ಎಂಬುದನ್ನು ಮೊದಲು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಶ್ರೀಮಂತ ವಸತಿಶಾಲೆಗಳಲ್ಲಿ ಒಂದೊಂದು ಶಾಲೆಗೆ ಒಂದೊಂದು ಬಗೆಯ ಆಟವಿದ್ದಿತು. ಚೆಂಡನ್ನು ಕಾಲಿನಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವುದೇ ಅಲ್ಲಿ ಪೌರುಷ. ಈ ಗೌರವ ಹಿರಿಯ ವಿದ್ಯಾರ್ಥಿಗಳಿಗೆ ಮೀಸಲು. ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಚಿಕ್ಕ ಹುಡುಗರನ್ನೂ ಆಟ ಬಾರದವರನ್ನೂ ಹನ್ನೆರಡು ಹದಿನೈದು ಮಂದಿಯಂತೆ ಗೋಲಿನ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದರು. ಗೋಲನ್ನು ಕಾಯುವುದು ಕಲಿಯಬೇಕಾದ ವಿದ್ಯೆಯೆಂದು ಯಾರೂ ಭಾವಿಸಿರಲಿಲ್ಲ. ಅದು ಕಿರಿಯರ ಪಾಲಿಗೆ ಬಂದ ಚಾಕರಿ. ರಕ್ಷಣೆಯನ್ನು ಕುರಿತು ಇಂದಿಗೂ ಉಳಿದುಬಂದಿರುವ ಅಸಡ್ಡೆಯ ಮೂಲವನ್ನು ಆಟದ ತರ್ಕದಲ್ಲಿ ಹುಡುಕುವುದಕ್ಕಿಂತ ಶಾಲೆಯ ಹಿರಿಕಿರಿಯರ ವ್ಯವಸ್ಥೆಯಲ್ಲಿ ಹುಡುಕುವುದು ಯುಕ್ತವೆಂದು ನಮಗೆ ತೋರುತ್ತದೆ.

೧೮೬೩ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿತವಾಗಿ ಸಾಮಾನ್ಯ ನಿಯಮಗಳು ರಚಿತವಾದುವು. ಚೆಂಡಿಗಿಂತ ಮುಂದೆ ನಿಂತ ಆಟಗಾರನು ಆಟಕ್ಕೆ ಹೊರಗು ಎಂಬ ನಿಯಮ ಅವುಗಳಲ್ಲೊಂದು. ಮುಂದಿರುವ ಗೆಳೆಯನಿಗೆ ಚೆಂಡನ್ನು ದಾಟಿಸುವಂತಿಲ್ಲವಾದುದರಿಂದ ಹಿಡಿದವನೇ ಓಡಬೇಕು, ಮಿಕ್ಕವರು ಅವನ ಹಿಂದೆ ಓಡಬೇಕು. ೧೮೬೬ರಲ್ಲಿ ಈ ನಿಯಮ ಸಡಿಲವಾಯಿತು. ತನ್ನ ಮುಂದೆ ಎದುರು ಪಕ್ಷದ ಮೂವರಾದರೂ ಇದ್ದರೆ ಆಟಗಾರನು ಚೆಂಡನ್ನು ಪಡೆಯಬಹುದೆಂದಾಯಿತು. ಆದರೂ ಹಳೆಯ ಅಭ್ಯಾಸ ಕೂಡಲೇ ಹೋಗಲಿಲ್ಲ.

೧೮೭೨ರ ನವೆಂಬರ್ ೩೦ರಂದು ಗ್ಲಾಸ್ಗೋ ನಗರದ ಪಾರ್ಟಿಕ್‌ನಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ನಡುವೆ ನಡೆದ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ ಇಲ್ಲಿ ವಿಚಾರಾರ್ಹವಾಗಿದೆ. ಇಂಗ್ಲೆಂಡಿನ ಪಕ್ಷದಲ್ಲಿ ಎಂಟು ಮಂದಿ, ಸ್ಕಾಟ್ಲೆಂಡಿನ ಪಕ್ಷದಲ್ಲಿ ಆರು ಮಂದಿ ಫಾರ್ವರ್ಡ್‌ಗಳಿದ್ದರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಒಟ್ಟು ಹದಿನಾಲ್ಕು ಮಂದಿ ಆಕ್ರಮಣಕಾರರಿದ್ದ ಆ ಪಂದ್ಯದಲ್ಲಿ ಒಂದೇ ಒಂದು ಗೋಲು ಕೂಡ ಆಗಲಿಲ್ಲ. ಮುಂದೆ ಹೆಚ್ಚು ಜನರನ್ನು ನಿಲ್ಲಿಸುವುದೇ ಆಕ್ರಮಣವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಆ ದಿನ ಕ್ವೀನ್ಸ್ ಪಾರ್ಕ್ ಕ್ಲಬ್ಬಿನವರೇ ಆಗಿದ್ದ ಸ್ಕಾಟ್ಲೆಂಡಿನ ಆಟಗಾರರು ದೇಹದ ತೂಕದಲ್ಲಿ ಹಗುರವಾಗಿದ್ದರು. ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಆಟವನ್ನು ಬೆಳೆಸಿದವರಲ್ಲಿ ಅವರು ಪ್ರಮುಖರು. ಒಂಟಿ ಓಟದ ಸ್ಥಾನದಲ್ಲಿ ಪಾಸ್ ಬಂದ ಮೇಲೆ ಹಿಂದೆ ನಿಂತವನಿಗೂ ಚೆಂಡಿನೊಡನೆ ಕೆಲಸ ಬಿದ್ದಿತು. ಕ್ರಮೇಣ ಇಬ್ಬರು ಬ್ಯಾಕ್, ಮೂವರು ಹಾಫ್‌ಬ್ಯಾಕ್, ಐವರು ಫಾರ್ವರ್ಡ್ ಎಂಬ ವ್ಯೂಹ ಸಿದ್ಧವಾಗಿ ಲೋಕವೆಲ್ಲ ಹರಡಿತು.

೩

ನಿಯಮವೊಂದು ಬದಲಾದರೆ ಎರಡರ ಬೆಲೆಯೂ ಹೇಗೆ ಬದಲಾಗುತ್ತದೆಂಬುದನ್ನು ಅಂಕಿಗಳಲ್ಲಿ ತೋರಿಸುವ ಅವಕಾಶ ೧೯೨೫ರಲ್ಲಿ ದೊರೆಯುತ್ತದೆ. ಆ ವೇಳೆಗೆ ಬ್ಯಾಕ್‌ಗಳು ಆಫ್‌ಸೈಡ್ ನಿಯಮವನ್ನು ಬಲೆಯಾಗಿ ಬಳಸುವುದನ್ನು ಚೆನ್ನಾಗಿ ಕಲಿತಿದ್ದರು. ಪಂದ್ಯಗಳು ಮಧ್ಯ ಮೈದಾನದಲ್ಲಿಯೇ ಸಿಕ್ಕಿಕೊಳ್ಳುತ್ತಿದ್ದುವು. ಮೂವರು ಎದುರಾಳಿಗಳಿರಬೇಕೆಂಬ ಕಟ್ಟನ್ನು ಇಬ್ಬರಿಗೆ ಇಳಿಸಲಾಯಿತು. ಇಂಗ್ಲೆಂಡಿನ ಪ್ರಥಮ ವಿಭಾಗದಲ್ಲಿ ೧೯೨೪-೨೫ರ ೪೬೨ ಪಂದ್ಯಗಳಲ್ಲಿ ೧,೧೯೨ ಗೋಲುಗಳಾಗಿದ್ದುವು. ಮರುವರ್ಷ ಅಷ್ಟೇ ಪಂದ್ಯಗಳಲ್ಲಿ ೧,೭೦೩ ಗೋಲುಗಳಾದುವು. ಆಟಗಾರರು ಒಂದು ಬೇಸಗೆಯಲ್ಲಿ ಅಷ್ಟು ಮಟ್ಟಿಗೆ ಬದಲಾಗಿರಲಾರರು. ಬದಲಾದುದು ಒಂದು ವಾಕ್ಯ ಮಾತ್ರ.

ರಕ್ಷಣೆಯ ಕಡೆಯವರು ಇದಕ್ಕೆ ಮದ್ದು ಹುಡುಕಲು ತಡಮಾಡಲಿಲ್ಲ. ೧೯೨೫ರ ಅಕ್ಟೋಬರ್ ೩ರಂದು ಆರ್ಸೆನಲ್ ತಂಡ ನ್ಯೂಕಾಸಲ್ ಎದುರು ಏಳು ಗೋಲುಗಳಿಂದ ಸೋತಿತು. ಅದರ ಹಿರಿಯ ಆಟಗಾರ ಚಾರ್ಲಿ ಬುಕಾನ್ ಅವರ ಸಲಹೆಯಂತೆ, ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್ ಸೆಂಟರ್ ಹಾಫ್ ಆಟಗಾರನನ್ನು ಹಿಂದಕ್ಕೆ ಕರೆಸಿ ಇಬ್ಬರು ಬ್ಯಾಕ್‌ಗಳ ನಡುವೆ ನಿಲ್ಲಿಸಿದರು. ಎರಡೇ ದಿನಗಳಲ್ಲಿ ಅದೇ ತಂಡ ವೆಸ್ಟ್ ಹ್ಯಾಮ್ ಎದುರು ನಾಲ್ಕು ಗೋಲುಗಳಿಂದ ಗೆದ್ದಿತು. ಮುಂದೆ ರೂಪುಗೊಂಡ ಮೂವರು ಬ್ಯಾಕ್‌ಗಳ ವ್ಯೂಹಕ್ಕೆ ಇದೇ ಆರಂಭ.

ರಕ್ಷಣೆಯ ಪಕ್ಷದವರು ಮುಂದಿಡಬಹುದಾದ ಅತ್ಯಂತ ಬಲವಾದ ಸಾಕ್ಷ್ಯವೂ ಈ ವ್ಯೂಹದ ಕಾಲದ್ದೇ. ೧೯೩೦-೩೧ರ ಲೀಗ್‌ನಲ್ಲಿ ಆಸ್ಟನ್ ವಿಲ್ಲಾ ತಂಡ ೧೨೮ ಗೋಲುಗಳನ್ನು ಹೊಡೆಯಿತು. ಆರ್ಸೆನಲ್ ಹೊಡೆದದ್ದು ೧೨೭. ಆಕ್ರಮಣದಲ್ಲಿ ಎರಡೂ ಸಮವೆನ್ನಬೇಕು. ಆದರೆ ವಿಲ್ಲಾ ೭೮ ಗೋಲುಗಳನ್ನು ಬಿಟ್ಟುಕೊಟ್ಟಿತು, ಆರ್ಸೆನಲ್ ೫೯ನ್ನು ಮಾತ್ರ. ಆರ್ಸೆನಲ್‌ಗೆ ೬೬ ಅಂಕಗಳು ಬಂದು ಪ್ರಶಸ್ತಿ ದೊರೆಯಿತು. ೫೯ ಅಂಕಗಳ ವಿಲ್ಲಾ ಎರಡನೆಯದಾಯಿತು. ಬಿಟ್ಟುಕೊಡದ ಹತ್ತೊಂಬತ್ತು ಗೋಲುಗಳೇ ಇಲ್ಲಿ ನಿರ್ಣಾಯಕವಾದುವೆಂಬುದನ್ನು ಒಪ್ಪಲೇಬೇಕು. ಆದರೆ ಇದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ‘ರಕ್ಷಣೆಯ ತಂಡ’ವೆಂದು ಹೆಸರಾದ ಆರ್ಸೆನಲ್ ೪೨ ಪಂದ್ಯಗಳಲ್ಲಿ, ಪಂದ್ಯವೊಂದಕ್ಕೆ ಮೂರರಂತೆ, ೧೨೭ ಗೋಲುಗಳನ್ನು ಹೊಡೆದಿದ್ದಿತು. ರಕ್ಷಣೆ ಅಲ್ಲಿ ಆಕ್ರಮಣದ ಬದಲಿಗೆ ಬಂದದ್ದಲ್ಲ, ಅದರ ಜೊತೆಗೆ ಬಂದದ್ದು.

೪

ಎರಡನೆಯ ಮಹಾಯುದ್ಧದ ನಂತರದ ಚರಿತ್ರೆಯಲ್ಲಿಯೂ ಇದೇ ಬಗೆಯ ಜೋಡಣೆ ಕಾಣಬರುತ್ತದೆ. ಲೋಕಪ್ರಸಿದ್ಧಿ ಮಾತ್ರ ಒಂದೊಂದು ಮುಖವನ್ನೇ ನೆನಪಿನಲ್ಲಿಟ್ಟುಕೊಂಡಿದೆ. ೧೯೫೮ರಲ್ಲಿ ಸ್ವೀಡನ್ನಿನಲ್ಲಿ ವಿಶ್ವ ಕಪ್ ಗೆದ್ದ ಬ್ರೆಜಿಲ್ ತಂಡವನ್ನು ಹದಿನೇಳು ವರ್ಷದ ಪೆಲೆ ಮೊದಲಾದವರ ಆಕ್ರಮಣಕ್ಕಾಗಿ ಸ್ಮರಿಸುತ್ತೇವೆ. ಆ ತಂಡ ಮೊದಲ ನಾಲ್ಕು ಪಂದ್ಯಗಳಲ್ಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲವೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಹೆಲೆನಿಯೊ ಹೆರೆರಾ ಅವರ ತರಬೇತಿಯಲ್ಲಿ ೧೯೬೪ ಮತ್ತು ೧೯೬೫ರಲ್ಲಿ ಯೂರೋಪಿಯನ್ ಕಪ್ ಗೆದ್ದ ಮಿಲಾನ್ ನಗರದ ಇಂಟರ್ ತಂಡ, ಬಾಗಿಲಿಗೆ ಅಗುಳಿ ಹಾಕಿದಂಥ ರಕ್ಷಣೆಗೆ ಹೆಸರಾದುದು. ಅದರ ಎಡ ಬ್ಯಾಕ್ ಆಗಿದ್ದ ಜಿಯಾಸಿಂಟೊ ಫಾಕೆಟ್ಟಿ ೧೯೬೫-೬೬ರ ಇಟಲಿಯ ಲೀಗ್‌ನಲ್ಲಿ ಹತ್ತು ಗೋಲುಗಳನ್ನು ಹೊಡೆದರು. ಬಾಲ್ಯದಲ್ಲಿ ತಮ್ಮ ಊರಿನ ತಂಡದಲ್ಲಿ ಅವರು ಫಾರ್ವರ್ಡ್ ಆಗಿದ್ದವರು. ಇಂಟರ್ ತಂಡವನ್ನು ೧೯೬೭ರಲ್ಲಿ ಲಿಸ್ಬನ್ನಿನಲ್ಲಿ ೨-೧ರಿಂದ ಸೋಲಿಸಿದ ಗ್ಲಾಸ್ಗೋದ ಸೆಲ್ಟಿಕ್ ತಂಡದ ಮೊದಲ ಗೋಲನ್ನು ಹೊಡೆದ ಟಾಮಿ ಗೆಮೆಲ್ ಕೂಡ ಬ್ಯಾಕ್ ಆಟಗಾರರೇ.

ಆಮ್‌ಸ್ಟರ್‌ಡ್ಯಾಮಿನ ಆಯಾಕ್ಸ್ ಕ್ಲಬ್ಬಿನ ನಿದರ್ಶನ ಬಾಲಕರ ಶಿಕ್ಷಣಕ್ಕೆ ಇನ್ನೂ ಹತ್ತಿರದ್ದು. ಯೊಹಾನ್ ಕ್ರೈಫ್ ಹತ್ತನೆಯ ವಯಸ್ಸಿನಲ್ಲಿ ಆ ಕ್ಲಬ್ಬಿನ ಬಾಲಕರ ವಿಭಾಗವನ್ನು ಸೇರಿದರು. ಬ್ಯಾಕ್ ಮುಂದೆ ಹೋದರೆ ಫಾರ್ವರ್ಡ್ ಹಿಂದೆ ಬಂದು ಅವನ ಜಾಗವನ್ನು ತುಂಬುವ, ಎಲ್ಲರೂ ಎಲ್ಲ ಕೆಲಸವನ್ನೂ ಅರಿತಿರುವ ಆಟವನ್ನು ಅಲ್ಲಿ ರೂಢಿಸಿದರು. ೧೯೭೧, ೧೯೭೨, ೧೯೭೩ರಲ್ಲಿ ಸತತವಾಗಿ ಯೂರೋಪಿಯನ್ ಕಪ್ ಗೆದ್ದ ಈ ತಂಡವನ್ನು ಆಕ್ರಮಣಕ್ಕೆ ಮಾದರಿಯೆಂದು ಎಲ್ಲರೂ ಎಣಿಸುತ್ತಾರೆ. ಆ ಮೂರು ಅಂತಿಮ ಪಂದ್ಯಗಳಲ್ಲಿ ಅದು ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ.

ನಿಯಮಕಾರರು ಈ ನಡುವೆ ಮತ್ತೆ ಕೈಹಾಕಿದರು. ಹಿಂದೆ ಗೆಲುವಿಗೆ ಎರಡು ಅಂಕ, ಸಮಕ್ಕೆ ಒಂದು ಅಂಕ ಇದ್ದಿತು. ಈ ಲೆಕ್ಕದಲ್ಲಿ ಒಂದು ಗೆಲುವು ಮತ್ತು ಒಂದು ಸೋಲಿನ ಬೆಲೆ ಎರಡು ಸಮಗಳ ಬೆಲೆಗೆ ಸರಿ. ಗೋಲು ಬಿಟ್ಟುಕೊಡದೆ ಕುಳಿತರೆ ನಷ್ಟವಿಲ್ಲ. ೧೯೮೧ರಲ್ಲಿ ಇಂಗ್ಲೆಂಡಿನ ಲೀಗ್ ಗೆಲುವಿಗೆ ಮೂರು ಅಂಕಗಳನ್ನು ಕೊಡತೊಡಗಿತು. ೧೯೯೪ರ ವಿಶ್ವ ಕಪ್‌ನಲ್ಲಿಯೂ ಇದೇ ಕ್ರಮ ಬಂದಿತು. ಅಲ್ಲಿಂದಾಚೆಗೆ ಒಂದು ಗೆಲುವು ಮತ್ತು ಒಂದು ಸೋಲು ಸೇರಿ ಮೂರು, ಎರಡು ಸಮಗಳು ಸೇರಿ ಎರಡೇ. ೧೯೯೨ರಲ್ಲಿ, ಸಂಗಡಿಗನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂದು ವಿಧಿಸಲಾಯಿತು. ಈ ಒಂದು ವಿಧಿಯಿಂದ ಗೋಲ್‌ಕೀಪರನೂ ಕಾಲಿನಲ್ಲಿ ಆಡುವುದನ್ನು ಕಲಿಯಬೇಕಾಯಿತು. ರಕ್ಷಣೆಯ ಬೆಲೆ ನಿಯಮದೊಡನೆ ಏರುತ್ತ ಇಳಿಯುತ್ತ ಬಂದುದನ್ನು ಇಲ್ಲಿಯವರೆಗಿನ ವಿವರ ಸಾಕಷ್ಟು ಸ್ಪಷ್ಟಪಡಿಸಿದೆಯೆಂದು ಭಾವಿಸುತ್ತೇವೆ.

೫

ಇನ್ನು ಬಾಲಕರ ವಿಷಯಕ್ಕೆ ಬರೋಣ. ವಯಸ್ಕರ ಗೋಲಿನ ಬಾಯಿ ೨೪ ಅಡಿ ಅಗಲ, ೮ ಅಡಿ ಎತ್ತರ. ಹತ್ತು ವರ್ಷದ ಹುಡುಗನನ್ನು ಅದರೊಳಗೆ ನಿಲ್ಲಿಸಿದರೆ ಅವನ ತಲೆಯ ಮೇಲೆ ಹೋಗುವ ಚೆಂಡನ್ನು ಅವನು ಮುಟ್ಟಲಾರ. ದೊಡ್ಡ ಮೈದಾನದಲ್ಲಿ ಹನ್ನೊಂದು ಹನ್ನೊಂದು ಮಕ್ಕಳನ್ನು ಬಿಟ್ಟರೆ, ವಯಸ್ಸಿಗೆ ಮೀರಿ ಬೆಳೆದ ಒಬ್ಬ ಹುಡುಗ ಹಿಂದಿನಿಂದ ಬಲವಾಗಿ ಒದೆಯುವುದೂ ಅಂಥದೇ ಇನ್ನೊಬ್ಬ ಮುಂದೆ ಓಡುವುದೂ ಗೆಲುವಿಗೆ ಸಾಕಾಗುತ್ತದೆ. ಉಳಿದವರು ಚೆಂಡನ್ನು ನೋಡುತ್ತ ನಿಲ್ಲುತ್ತಾರೆ. ಗೆದ್ದ ತಂಡದ ಅಧ್ಯಾಪಕರು ತಮ್ಮ ರಕ್ಷಣೆ ಭದ್ರವೆಂದು ತೃಪ್ತಿಪಡುತ್ತಾರೆ. ಆದರೆ ಅಲ್ಲಿ ಗೆದ್ದದ್ದು ದೇಹದ ಬೆಳವಣಿಗೆ. ಮೂರು ನಾಲ್ಕು ವರ್ಷಗಳಲ್ಲಿ ಉಳಿದವರೂ ಬೆಳೆದಾಗ ಆ ಮೇಲುಗೈ ಹೋಗುತ್ತದೆ; ಅಷ್ಟರಲ್ಲಿ ಚೆಂಡನ್ನು ಹತೋಟಿಯಲ್ಲಿಡುವುದನ್ನು ಕಲಿಯಬೇಕಾದ ವರ್ಷಗಳು ಆ ಹುಡುಗನ ಪಾಲಿಗೂ ಕಳೆದಿರುತ್ತವೆ.

ಬೆಲ್ಜಿಯಂ ದೇಶ ಈ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಪರಿಶೀಲಿಸಿತು. ೨೦೦೦ದ ಯೂರೋಪಿಯನ್ ಚಾಂಪಿಯನ್‌ಷಿಪ್‌ಗೆ ನೆದರ್ಲೆಂಡ್ಸ್ ಜೊತೆ ಆತಿಥೇಯವಾಗಿದ್ದ ಬೆಲ್ಜಿಯಂ ಮೊದಲ ಸುತ್ತಿನಲ್ಲಿಯೇ ಹೊರಬಿದ್ದಿತು. ಅನಂತರ ಮಿಷೆಲ್ ಸಾಬ್ಲೊನ್ ಅವರ ನೇತೃತ್ವದಲ್ಲಿ ಬಾಲಕರ ಆಟದ ಪುನರ್ವಿಮರ್ಶೆ ನಡೆಯಿತು. ಬಾಲಕರ ಪಂದ್ಯಗಳನ್ನು ಚಿತ್ರೀಕರಿಸಿ ವಿಶ್ವವಿದ್ಯಾಲಯದ ನೆರವಿನಿಂದ ಪರೀಕ್ಷಿಸಿದಾಗ, ಗೆಲುವಿಗೆ ಕೊಟ್ಟ ಗಮನ ಕಲಿಕೆಗೆ ದೊರೆತಿಲ್ಲವೆಂದು ಕಂಡುಬಂದಿತು. ತೀರ ಚಿಕ್ಕವರಿಗೆ ಇಬ್ಬರು ಇಬ್ಬರ ಆಟ, ಅನಂತರ ಐವರ ಆಟ, ಎಂಟು ಮಂದಿಯ ಆಟ ಎಂದು ಮೆಟ್ಟಲುಗಳನ್ನು ಕಟ್ಟಿದರು. ಏಳು ಎಂಟು ವರ್ಷದೊಳಗಿನವರಿಗೆ ಅಂಕಪಟ್ಟಿಯನ್ನೇ ತೆಗೆದುಹಾಕಿದರು. ೨೦೧೫ರ ನವೆಂಬರ್‌ನಲ್ಲಿ ಬೆಲ್ಜಿಯಂ ವಿಶ್ವ ಶ್ರೇಯಾಂಕದಲ್ಲಿ ಮೊದಲನೆಯದಾಯಿತು. ೨೦೧೮ರ ವಿಶ್ವ ಕಪ್‌ನಲ್ಲಿ ಮೂರನೆಯ ಸ್ಥಾನ ಪಡೆಯಿತು. ಇಷ್ಟು ದೊಡ್ಡ ಫಲಕ್ಕೆ ಒಂದೇ ಕಾರಣವನ್ನು ಹೇಳುವುದು ಚರಿತ್ರಕಾರನಿಗೆ ಸಲ್ಲದು. ಆದರೆ ಅಂಕಪಟ್ಟಿಯನ್ನು ಕೈಬಿಟ್ಟುದರಿಂದ ಆ ದೇಶದ ಆಟ ಕೆಡಲಿಲ್ಲವೆಂಬುದಂತೂ ನಿಶ್ಚಯ. ಇಂಗ್ಲೆಂಡ್ ೨೦೧೨ರಲ್ಲಿ ಇದೇ ಜಾಡನ್ನು ಹಿಡಿದು ಚಿಕ್ಕ ಮಕ್ಕಳಿಗೆ ಐವರ ಆಟ, ಅನಂತರ ಏಳು ಮಂದಿಯ ಆಟ, ಒಂಬತ್ತು ಮಂದಿಯ ಆಟ ಎಂದು ಗೊತ್ತುಮಾಡಿತು. ಅತಿ ಚಿಕ್ಕವರ ಗೋಲಿನ ಅಳತೆಯನ್ನು ೧೨ ಅಡಿ ಅಗಲ, ೬ ಅಡಿ ಎತ್ತರಕ್ಕೆ ಇಳಿಸಿತು.

ಚಿಕ್ಕ ಮೈದಾನದ ಗುಣ ಗೋಲುಗಳ ಸಂಖ್ಯೆಯಲ್ಲಿಲ್ಲ. ಅಲ್ಲಿ ‘ಹಿಂದೆ’ ಎಂಬ ಜಾಗವೇ ಉಳಿಯುವುದಿಲ್ಲ. ಚೆಂಡು ಕೈಬಿಟ್ಟೊಡನೆ ಪ್ರತಿಯೊಬ್ಬನೂ ರಕ್ಷಕ, ದೊರೆತೊಡನೆ ಪ್ರತಿಯೊಬ್ಬನೂ ಆಕ್ರಮಣಕಾರ. ವೆಸ್ಟ್‌ಮಿನ್‌ಸ್ಟರ್ ಶಾಲೆಯ ಕಿರಿಯರ ಪಾಲಿಗೆ ಚಾಕರಿಯಾಗಿ ಬಂದುದು ಇಲ್ಲಿ ಎಲ್ಲರೂ ಕಲಿಯುವ ಪಾಠವಾಗುತ್ತದೆ.

೬

ನಮ್ಮ ದೇಶದ ಚರಿತ್ರೆಯಲ್ಲಿಯೂ ಇದಕ್ಕೆ ಸಾಕ್ಷ್ಯವುಂಟು. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಹುಮಂದಿ ಆಟಗಾರರು ಬರಿಗಾಲಿನಲ್ಲಿ ಆಡಿ ಫ್ರಾನ್ಸ್ ಎದುರು ೧-೨ರಿಂದ ಸೋತರು. ಎರಡು ಪೆನಾಲ್ಟಿಗಳು ವ್ಯರ್ಥವಾದುವು. ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ನಗರದ ಅಹಮದ್ ಖಾನ್ ಚೆಂಡಿನ ಹತೋಟಿಗೆ ಹೆಸರಾದವರು. ಆದರೆ ನಾಲ್ಕು ವರ್ಷಗಳ ಅನಂತರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ಎದುರು ಭಾರತ ೧-೧೦ರಿಂದ ಸೋತಿತು. ಆ ಒಂದು ಗೋಲು ಅಹಮದ್ ಖಾನ್ ಅವರದು. ಒಂಟಿ ಕೌಶಲವೆಷ್ಟಿದ್ದರೂ ಸಂಘಟಿತವಾದ ರಕ್ಷಣೆಯಿಲ್ಲದೆ ನಿಲ್ಲಲಾಗದೆಂಬುದನ್ನು ಈ ಸೋಲು ಕಲಿಸಿತು. ಆಕ್ರಮಣದ ಪಕ್ಷದವರು ಇದನ್ನು ಮರೆಯಬಾರದು.

ಈ ಪಾಠವನ್ನು ಮನಗಂಡವರಲ್ಲಿ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅಗ್ರಗಣ್ಯರು. ವೃತ್ತಿಯಿಂದ ಅವರು ಶಾಲಾ ಅಧ್ಯಾಪಕರಾಗಿದ್ದರು. ಬಲವಿಲ್ಲದ ಕಾಲಿನಿಂದಲೇ ಆಡಬೇಕೆಂಬ, ಚೆಂಡನ್ನು ಹಿಡಿದಿಟ್ಟುಕೊಳ್ಳದೆ ದಾಟಿಸಬೇಕೆಂಬ ವಿಶೇಷ ನಿಯಮಗಳ ಪಂದ್ಯಗಳನ್ನು ಏರ್ಪಡಿಸಿ ಅವರು ಆಟಗಾರರನ್ನು ತಿದ್ದುತ್ತಿದ್ದರು. ಕಲಿಸಬೇಕಾದುದಕ್ಕೆ ತಕ್ಕಂತೆ ನಿಯಮವನ್ನು ಬದಲಿಸಬೇಕೆಂಬ ತತ್ತ್ವ ಬೆಲ್ಜಿಯಂಗಿಂತ ಬಹು ಮುಂಚೆಯೇ ನಮ್ಮಲ್ಲಿ ಆಚರಣೆಯಲ್ಲಿದ್ದಿತೆಂಬುದಕ್ಕೆ ಇದು ಸಾಕ್ಷಿ. ಅವರ ತರಬೇತಿಯಲ್ಲಿ ಭಾರತ ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನವನ್ನೂ ೧೯೬೨ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣಪದಕವನ್ನೂ ಪಡೆಯಿತು. ಜಕಾರ್ತಾದಲ್ಲಿ ತಂಡದ ಮುಖ್ಯ ರಕ್ಷಕ ಜರ್ನೈಲ್ ಸಿಂಗ್ ಅವರಿಗೆ ತಲೆಗೆ ಪೆಟ್ಟಾಯಿತು. ರಹೀಮರು ಅವರನ್ನು ಕೈಬಿಡದೆ ಸೆಂಟರ್ ಫಾರ್ವರ್ಡ್ ಸ್ಥಾನದಲ್ಲಿ ಆಡಿಸಿದರು. ಸೆಮಿಫೈನಲ್ಲಿನಲ್ಲಿ ದಕ್ಷಿಣ ವಿಯೆಟ್ನಾಂ ಎದುರು ಅವರು ಗೋಲು ಹೊಡೆದರು. ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು ೨-೧ರಿಂದ ಸೋಲಿಸಿದಾಗ ಒಂದು ಗೋಲು ಪಿ. ಕೆ. ಬ್ಯಾನರ್ಜಿಯವರದು, ಇನ್ನೊಂದು ಜರ್ನೈಲ್ ಸಿಂಗ್ ಅವರದು. ದೂರ ಒದೆಯುವುದನ್ನು ಮಾತ್ರ ಕಲಿತ ರಕ್ಷಕನಿಂದ ಇದು ಸಾಧ್ಯವಾಗುತ್ತಿರಲಿಲ್ಲ.

೨೦೧೭ರಲ್ಲಿ ಭಾರತದಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವ ಕಪ್‌ನಲ್ಲಿ ನಮ್ಮ ಹುಡುಗರು ಮೂರು ಪಂದ್ಯಗಳಲ್ಲಿ ಒಂದು ಗೋಲು ಹೊಡೆದು ಒಂಬತ್ತನ್ನು ಬಿಟ್ಟುಕೊಟ್ಟರು. ಕೊಲಂಬಿಯಾ ಎದುರು ಜೀಕ್ಸನ್ ಸಿಂಗ್ ಗೋಲು ಹೊಡೆದ ಸಂಭ್ರಮ ಅಡಗುವ ಮುನ್ನವೇ ಎದುರಾಳಿಗಳು ಮತ್ತೊಂದು ಗೋಲು ಹೊಡೆದು ಗೆದ್ದರು. ಇದನ್ನು ರಕ್ಷಣೆಯ ದೌರ್ಬಲ್ಯವೆಂದು ಮಾತ್ರ ತಿಳಿದರೆ ಅರ್ಧ ಸತ್ಯವಾದೀತು. ಚೆಂಡನ್ನು ತನ್ನಲ್ಲಿ ಉಳಿಸಿಕೊಳ್ಳಲಾರದ ತಂಡ ಪಂದ್ಯದ ಬಹುಭಾಗವನ್ನು ರಕ್ಷಣೆಯಲ್ಲಿಯೇ ಕಳೆಯಬೇಕಾಗುತ್ತದೆ. ಎಷ್ಟೇ ಶಿಸ್ತಿದ್ದರೂ ಅದು ಎಂದಾದರೊಮ್ಮೆ ದಣಿಯುತ್ತದೆ. ಅಕ್ಟೋಬರ್ ೨೮ರಂದು ಕಲ್ಕತ್ತೆಯ ಅಂತಿಮ ಪಂದ್ಯದಲ್ಲಿ ಸ್ಪೇನ್ ಎದುರು ಎರಡು ಗೋಲುಗಳಿಂದ ಹಿಂದಿದ್ದ ಇಂಗ್ಲೆಂಡಿನ ಹುಡುಗರು ೫-೨ರಿಂದ ಗೆದ್ದರು; ಅವರ ಐದು ಗೋಲುಗಳಲ್ಲೊಂದು ಮಧ್ಯದ ರಕ್ಷಕನದೇ ಆಗಿದ್ದಿತು.

೭

ಮೇಲಿನ ವಿವೇಚನೆಯಿಂದ ನಾವು ತಲಪುವ ನಿರ್ಣಯಗಳಿವು. ಮೊದಲನೆಯದಾಗಿ, ರಕ್ಷಣೆ ಮತ್ತು ಆಕ್ರಮಣಗಳ ತಾರತಮ್ಯ ನಿಯಮದಿಂದ ನಿಯಮಕ್ಕೆ ಬದಲಾಗಿದೆ; ಅದನ್ನು ಶಾಶ್ವತ ಸತ್ಯವೆಂದು ಬಾಲಕರಿಗೆ ಬೋಧಿಸಲು ಆಧಾರವಿಲ್ಲ. ಎರಡನೆಯದಾಗಿ, ವಯಸ್ಕರ ಲೀಗ್‌ನಲ್ಲಿ ಬಿಟ್ಟುಕೊಡದ ಗೋಲಿಗೆ ಹೊಡೆದ ಗೋಲಿನಷ್ಟೇ ಬೆಲೆಯುಂಟೆಂಬುದು ೧೯೩೦-೩೧ರ ಅಂಕಪಟ್ಟಿಯಿಂದ ಸಿದ್ಧವಾಗುತ್ತದೆ. ಆದರೆ ಬಾಲಕರ ಆಟದ ಗುರಿ ಅಂಕಪಟ್ಟಿಯಲ್ಲ. ಅಲ್ಲಿ ಬೆಲೆಯನ್ನು ಅಳೆಯಬೇಕಾದುದು ಹುಡುಗ ಮುಂದೆ ಏನನ್ನು ಮಾಡಬಲ್ಲವನಾಗುತ್ತಾನೆ ಎಂಬುದರಿಂದ. ಮೂರನೆಯದಾಗಿ, ಫಾಕೆಟ್ಟಿ ಮತ್ತು ಜರ್ನೈಲ್ ಸಿಂಗ್ ಅವರಂಥ ಶ್ರೇಷ್ಠ ರಕ್ಷಕರು ಚೆಂಡಿನೊಡನೆ ಮುಂದೆ ಹೋಗಬಲ್ಲವರಾಗಿದ್ದರು. ಆಯಾಕ್ಸ್‌ನಂಥ ಶ್ರೇಷ್ಠ ಆಕ್ರಮಣದ ತಂಡ ಚೆಂಡು ಕಳೆದುಕೊಂಡೊಡನೆ ರಕ್ಷಣೆಗೆ ತಿರುಗಬಲ್ಲುದಾಗಿದ್ದಿತು. ಎರಡಕ್ಕೂ ಬೇರು ಒಂದೇ.

ನಮ್ಮ ಶಾಲೆಗಳ ವ್ಯಾಯಾಮ ಶಿಕ್ಷಕರಿಗೆ ತಮ್ಮ ಸ್ಥಾನದ ಗೌರವವನ್ನು ಕಪ್ಪುಗಳ ಸಂಖ್ಯೆಯಿಂದ ಕಾಪಾಡಿಕೊಳ್ಳಬೇಕಾದ ಒತ್ತಡವಿರುವುದನ್ನು ನಾವು ಬಲ್ಲೆವು. ಅಂತರಶಾಲಾ ಪಂದ್ಯದಲ್ಲಿ ಸೋತು ಬಂದಾಗ ‘ಹುಡುಗರು ಕಲಿಯುತ್ತಿದ್ದಾರೆ’ ಎಂಬ ಮಾತಿಗೆ ಮನ್ನಣೆ ದೊರೆಯುವುದು ಕಷ್ಟ. ಆದುದರಿಂದ ಈ ಸುಧಾರಣೆಯ ಹೊಣೆಯನ್ನು ಶಿಕ್ಷಕರೊಬ್ಬರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಹನ್ನೆರಡು ವರ್ಷದೊಳಗಿನ ಬಾಲಕ ಬಾಲಿಕೆಯರಿಗೆ ಚಿಕ್ಕ ಮೈದಾನ, ಚಿಕ್ಕ ಗೋಲು, ಕಡಮೆ ಸಂಖ್ಯೆಯ ಆಟಗಾರರು, ಸರದಿಯಂತೆ ಬದಲಾಗುವ ಸ್ಥಾನಗಳು ಎಂಬ ನಾಲ್ಕು ಏರ್ಪಾಡುಗಳನ್ನು ಪಂದ್ಯಗಳನ್ನು ನಡೆಸುವವರೇ ನಿಯಮವಾಗಿ ವಿಧಿಸಿದರೆ, ಯಾವ ಶಿಕ್ಷಕರೂ ಒಬ್ಬಂಟಿಯಾಗಿ ಸೋಲಬೇಕಾಗುವುದಿಲ್ಲ. ೧೯೨೫ರಲ್ಲಿ ಒಂದು ವಾಕ್ಯದ ತಿದ್ದುಪಡಿ ಒಂದು ವರ್ಷದೊಳಗೆ ಐನೂರಕ್ಕೂ ಹೆಚ್ಚು ಗೋಲುಗಳನ್ನು ತಂದಿತು. ನಮ್ಮ ಮಕ್ಕಳ ಆಟದ ನಿಯಮಗಳಲ್ಲಿಯೂ ಅಂಥ ನಾಲ್ಕು ವಾಕ್ಯಗಳನ್ನು ಬರೆಯುವುದು ಅಸಾಧ್ಯವೇನಲ್ಲ.